ಮೊದಲನೇ ನಂಬರಿನ ಊರಿನಲ್ಲಿ ಖಾಜಾನಿಗೆ ಕೆಲಸವಿರಲಿಲ್ಲ

ಬ್ರೂಸ್‌ಪೇಟೆ

ಜಗತ್ತಿನಲ್ಲಿ ಬಾಳಲು ಅತ್ಯುತ್ತಮ ಊರು ಯಾವುದೆಂದು ಪಟ್ಟಿ ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಪಟ್ಟಿಯಲ್ಲಿ ಬಳ್ಳಾರಿ ಇಲ್ಲ ಎಂಬ ಸಿಟ್ಟಲ್ಲ. ಅದು ಇರುವುದಿಲ್ಲವೆಂದು ಬಳ್ಳಾರಿಯವರಿಗೇ ಗೊತ್ತು. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲ ಇರುವ ಊರಿಗೆ ಯಾವ ಪುಣ್ಯಾತ್ಮ ಅಂಕ ಕೊಟ್ಟಾನು? ನನ್ನ ತಕರಾರು ಬೇರೆ. ಒಂದು ಊರಿನಲ್ಲಿ ಒಂದು ದಿನವೂ ಹಾಲು ತರದವರು, ಕರೆಂಟು ಹೋದಾಗ ಪಕ್ಕದ ಮನೆಯವರನ್ನು ಕೂಗಿ ಕೇಳದವರು, ಅಲ್ಲಿ ಬಾಳುವುದು ಹೇಗಿರುತ್ತದೆಂದು ಯಾವ ಬಾಯಿಂದ ಹೇಳುತ್ತಾರೆ?

ಆದ್ದರಿಂದ ನಮ್ಮ ಪದ್ದಿ ಫೋನು ಮಾಡಿ, "ಮಾಮಾ, ನಾನಿರೋ ಊರು ಮತ್ತ ಲಿಸ್ಟಿನ್ಯಾಗ ಫಸ್ಟ್ ಬಂದೈತಿ. ಈಗರ ಬಂದು ನೋಡ್ರಿ" ಎಂದಾಗ ನಾನು ಹುಬ್ಬು ಗಂಟಿಕ್ಕಿದೆ. ಪದ್ದಿ ಎಂದರೆ ಪದ್ಮಜಾ, ನನ್ನ ಅಕ್ಕನ ಮಗಳು. ಸಿರುಗುಪ್ಪದ ಹುಡುಗಿ. ವಿಯೆನ್ನಾದ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿ ನಾಲ್ಕು ವರ್ಷವಾಗಿತ್ತು.

ಫೋನು ಬಂದಾಗ ನಾನು ದಿನವೂ ಕೂರುವಲ್ಲೇ ಕೂತಿದ್ದೆ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿರುವ ಗೆಳೆಯ ಖಾಜಾನ ಹೊಲಿಗೆ ಅಂಗಡಿಯಲ್ಲಿ. ಖಾಜಾ ಮಷೀನಿನ ಮೇಲಿನ ಕಾಲು ತೆಗೆಯದೆ, "ಲಿಸ್ಟ್ ಮಾಡಿದಾವ ಒಂದ್ ಸಲ ಬ್ರೂಸ್‌ಪೇಟಿಗೆ ಬಂದು ಒಗ್ಗಾಣಿ-ಮಿರ್ಚಿ ತಿಂದಿದ್ರ ಹಂಗ ಬರೀತಿದ್ದಿಲ್ಲ ಬಿಡು" ಎಂದ.

ಇಲ್ಲಿ ನನ್ನ ವಿಷಯ ಹೇಳಿಬಿಡಬೇಕು. ಮೂರು ವರ್ಷದವನಿದ್ದಾಗ ಪೋಲಿಯೊ ಬಂತು. ಎರಡೂ ಕಾಲು ಹೋದವು, ಬಲಗೈ ಅರ್ಧ ಉಳಿಯಿತು. ಗಾಲಿಕುರ್ಚಿ ಇದೆ, ಆದರೆ ಒಂದೇ ಕೈಯಲ್ಲಿ ಅದರ ಚಕ್ರ ತಿರುಗಿಸಿದರೆ ಇದ್ದಲ್ಲೇ ಪ್ರದಕ್ಷಿಣೆ ಹಾಕುತ್ತೇನೆ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾಗಿದ್ದೇನೆ, ಗಾಂಧಿನಗರದಲ್ಲಿ ತಮ್ಮನ ಮನೆಯಲ್ಲಿದ್ದೇನೆ. ಹೆಸರು ಶ್ರೀನಿವಾಸ. ಖಾಜಾನ ಬಾಯಲ್ಲಿ ಸೀನ್ಯಾ.

ನಾವಿಬ್ಬರೂ ಕುರುಗೋಡಿನವರು, ಒಂದೇ ಓಣಿಯವರು. ನಮ್ಮ ಸಾಲೆ ಎತ್ತರದ ಕಟ್ಟೆಯ ಮೇಲಿತ್ತು. ಮೊದಲ ದಿನ ಅಪ್ಪ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಾಗ ಮಾಸ್ತರು, "ದಿನಾ ಹೆಂಗ ಹತ್ತತಾನ್ರಿ ಇಂವ?" ಎಂದರು. ನನಗಿಂತ ಒಂದು ವರ್ಷ ದೊಡ್ಡವನಾದ ಖಾಜಾ ಬಂದು ನನ್ನ ಮುಂದೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ. "ಹತ್ತಲೇ" ಎಂದ. ಹತ್ತಿದವನು ಇಳಿದೇ ಇಲ್ಲವೆನ್ನಬೇಕು. ಸಾಲೆ, ಕಾಲೇಜು, ಆಫೀಸು, ಸಿನಿಮಾ ಟಾಕೀಸು, ಆಸ್ಪತ್ರೆ, ಕಲ್ಯಾಣ ಮಂಟಪ, ಐವತ್ತು ವರ್ಷಕ್ಕೂ ಮೇಲೆ ಖಾಜಾ ನನ್ನನ್ನು ಹೊತ್ತ.

ಅವನ ಎರಡು ಕೈ ಸಾಲದ ಕಡೆ ಊರಿನ ಕೈಗಳಿದ್ದವು. ಖಾಜಾ ನಿಂತು, "ಏ, ಒಂದ್ ಕೈ ಹಚ್ಚ್ರಿ!" ಎಂದು ಕೂಗಿದರೆ ಸಾಕು. ಬಾಳೆಹಣ್ಣಿನವ ಗಾಡಿ ಬಿಟ್ಟು ಬರುತ್ತಾನೆ, ಪೊಲೀಸಿನವ ಸೀಟಿ ಬಾಯಲ್ಲಿಟ್ಟುಕೊಂಡೇ ಬರುತ್ತಾನೆ. ನಾಲ್ವರು ನಾಲ್ಕು ಕಡೆ ಹಿಡಿದರೆ ಕುರ್ಚಿ ಪಲ್ಲಕ್ಕಿಯಾಗುತ್ತದೆ. ಎಲ್ಲಿಗೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಒಮ್ಮೆಯಂತೂ ಕುರುಗೋಡಿಗೆ ಹೋಗಬೇಕಾದ ನನ್ನನ್ನು ಸಿರುಗುಪ್ಪದ ಬಸ್ಸಿಗೆ ಎತ್ತಿಟ್ಟರು. ಚಹಾ ತರಲು ಹೋಗಿದ್ದ ಖಾಜಾ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಬಸ್ಸಿನ ಹಿಂದೆ ಓಡಿಬಂದ.

ಇಂಥ ಊರನ್ನು ಬಿಟ್ಟು ಬೇರೆಯದಕ್ಕೆ ಮೊದಲ ನಂಬರು ಕೊಡುವುದೆಂದರೆ! ಇದನ್ನು ಪದ್ದಿಗೆ ಹೇಳಿದೆ. ಆಕೆ, "ಬಂದು ನೋಡಿ ಆಮ್ಯಾಲ ಬೈರಿ" ಎಂದಳು. ಖಾಜಾನಿಲ್ಲದೆ ನಾನು ಹೊರಡುವ ಮಾತೇ ಇರಲಿಲ್ಲ. "ಅಲ್ಲೇನು ಮೆಟ್ಲಾ ಇರೂದಿಲ್ಲೇನು? ಯಾರು ಎತ್ತತಾರ ನಿನ್ನ?" ಎಂದು ಅವನೂ ಪಾಸ್‌ಪೋರ್ಟು ಮಾಡಿಸಿದ. ಹೊರಡುವ ದಿನ ಅವನ ಹೆಂಡತಿ ಮಹಬೂಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ತೊಡೆಯ ಮೇಲಿಟ್ಟು, "ಅಣ್ಣಾ, ಅವರ ಕಡೆ ಲಕ್ಷ್ಯ ಇಡ್ರಿ" ಎಂದಳು. ನಗು ಬಂತು. ಯಾರು ಯಾರನ್ನು ನೋಡಿಕೊಳ್ಳುವವರು!

ವಿಯೆನ್ನಾ, ಮೊದಲ ದಿನ

ಊರು ಚೆಂದವಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಪದ್ದಿ ಬಿಡುವುದಿಲ್ಲ. ಹಳೆಯ ಕಟ್ಟಡಗಳೆಲ್ಲ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡು ನಿಂತಿವೆ. ನಲ್ಲಿಯ ನೀರು ದೂರದ ಬೆಟ್ಟದಿಂದ ಬರುತ್ತದಂತೆ. ಖಾಜಾ ಒಂದು ಲೋಟ ಕುಡಿದ, ನಂಬಿಕೆಯಾಗದೆ ಇನ್ನೊಂದು ಕುಡಿದ. "ನಮ್ಮ ಓಣಿಯಾಗ ನೀರು ಬಿಡೋ ದಿನ ಈ ನಲ್ಲಿ ಬಂದಿದ್ರ ಜಗಳನ ಆಗ್ತಿದ್ದಿಲ್ಲ" ಎಂದ. ರಸ್ತೆಯಲ್ಲಿ ಒಂದೂ ಗಾಡಿಯಿಲ್ಲ, ಆದರೂ ಕೆಂಪು ದೀಪವಿದೆ ಎಂದು ಹತ್ತು ಜನ ಕೈಕಟ್ಟಿ ನಿಂತಿದ್ದರು. ಖಾಜಾ ಆಚೆ ಈಚೆ ನೋಡಿ, "ಯಾರಿಗೆ ಕಾಯಾಕತ್ಯಾರ ಇವ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಪದ್ದಿಗೆ ಅಂದು ರಜೆ. ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯುತ್ತೇನೆಂದಳು. ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಖಾಜಾ ಅಭ್ಯಾಸಬಲದಿಂದ ಸುತ್ತ ನೋಡಿ, "ಏ, ಒಂದ್ ಕೈ ಹಚ್ಚ್ರಿ!" ಎಂದು ಕೂಗಿದ. ನಿಲ್ದಾಣದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಕಿವಿಯಿಂದ ವೈರು ತೆಗೆದು ನೋಡಿದ. ಖಾಜಾ ಕಾಯಲಿಲ್ಲ. ಮುಂದಿನ ಗಾಲಿ ಎತ್ತಿದ, ಹಿಂದಿನಿಂದ ಮೊಣಕಾಲು ಕೊಟ್ಟ, "ಯಾ ಅಲ್ಲಾ" ಎಂದ. ನಾನು ಬಸ್ಸಿನೊಳಗಿದ್ದೆ.

ಅಷ್ಟರಲ್ಲಿ ಡ್ರೈವರಮ್ಮ ತನ್ನ ಸೀಟಿನಿಂದ ಇಳಿದು, ಕೈಯಲ್ಲೊಂದು ಕೊಕ್ಕೆ ಹಿಡಿದು ಬಂದಿದ್ದಳು. ಭರ್ಜರಿ ಆಳು. ಬಾಗಿಲ ಬಳಿ ನೆಲಕ್ಕೆ ಹೊಂದಿಕೊಂಡಂತಿದ್ದ ಹಲಗೆ ಬಿಚ್ಚಿ ಇಳಿಜಾರು ಮಾಡಿಕೊಡಲು ಬಂದವಳು ನಮ್ಮನ್ನು ನೋಡಿ ನಿಂತುಬಿಟ್ಟಳು. ಆಮೇಲೆ ಬಹಳ ಹೊತ್ತು ಏನೋ ಹೇಳಿದಳು. ಪದ್ದಿಯ ಮುಖ ಕೆಂಪಾಯಿತು.

"ಮಾಮಾ, ಮತ್ತ ಕೆಳಗಿಳೀಬೇಕಂತ್ರಿ."

"ಯಾಕ?" ಎಂದ ಖಾಜಾ. "ಹತ್ಯಾನಲ್ಲ! ಹತ್ತಿದಾವನ್ನ ಇಳಿಸ್ತಾರೇನು ಯಾರಾದ್ರೂ?"

ಇಳಿಸಿದರು. ಆಕೆ ಹಲಗೆ ಬಿಚ್ಚಿದಳು, ಪಕ್ಕಕ್ಕೆ ಸರಿದಳು, ಖಾಜಾ ತಳ್ಳಿದ, ನಾನು ಎರಡನೆಯ ಸಲ ಅದೇ ಬಸ್ಸು ಹತ್ತಿದೆ. ಅಷ್ಟೂ ಹೊತ್ತು ಬಸ್ಸಿನೊಳಗಿನವರು ಒಬ್ಬರೂ ಲೊಚಗುಟ್ಟಲಿಲ್ಲ. ನಮ್ಮಲ್ಲೂ ಬಸ್ಸು ಕಾಯುತ್ತದೆ, ಆದರೆ ಎಲ್ಲರೂ ಸಲಹೆ ಕೊಡುತ್ತಾರೆ.

"ಏನಂದಳು ಆಕಿ?" ಎಂದು ಪದ್ದಿಯನ್ನು ಕೇಳಿದೆ.

"ಪ್ಯಾಸೆಂಜರ್ ಅಂದ್ರ ಸಾಮಾನಲ್ಲ, ಎತ್ತಿ ಒಗಿಬ್ಯಾಡ್ರಿ ಅಂದ್ಳು."

ಖಾಜಾನಿಗೆ ಬಲು ಬೇಜಾರಾಯಿತು. "ನಾ ನಿನ್ನ ಯಾವತ್ತರ ಸಾಮಾನಂಗ ಎತ್ತೀನೇನಲೇ?" ಎಂದ. "ಆಕಿಗೇನು ಗೊತ್ತು, ಬಿಡು" ಎಂದೆ. ಆದರೆ ಆ ಮಾತು ನನ್ನೊಳಗೆ ಕೂತುಕೊಂಡಿತು, ಇಡೀ ದಿನ ಏಳಲಿಲ್ಲ.

ನಾಲ್ಕನೆಯ ದಿನ

ಪದ್ದಿ ಒಂದು ಕರೆಂಟಿನ ಗಾಲಿಕುರ್ಚಿ ತಂದಳು. ಆಶ್ರಮದ ಅಜ್ಜನೊಬ್ಬನದು. ಆತ ತೀರಿಕೊಂಡ ಮೇಲೆ ಮನೆಯವರು, ಯಾರಿಗಾದರೂ ಕೊಡು ಎಂದು ಈಕೆಯ ಕೈಯಲ್ಲಿಟ್ಟಿದ್ದರು. ಎಡಗೈಯ ಕೆಳಗೆ ಬೆರಳು ಗಾತ್ರದ ಒಂದು ಹಿಡಿಕೆ. ಮುಂದೆ ಒತ್ತಿದರೆ ಮುಂದೆ, ಓರೆ ಮಾಡಿದರೆ ಓರೆಗೆ. ಮೊದಲ ಅರ್ಧ ಗಂಟೆಯಲ್ಲಿ ಪದ್ದಿಯ ಚಪ್ಪಲಿ ಸ್ಟ್ಯಾಂಡು, ಒಂದು ಹೂಕುಂಡ, ಖಾಜಾನ ಹೆಬ್ಬೆರಳು ಮೂರಕ್ಕೂ ಗುದ್ದಿದೆ. "ಕುಂಟನಿಗೆ ಎಂಟು ಚೇಷ್ಟೆ ಅಂತಿದ್ರು. ಇದು ಒಂಬತ್ತನೇದು" ಎಂದು ಖಾಜಾ ಕಾಲು ತಿಕ್ಕಿಕೊಂಡ. ನಾನು ನಕ್ಕು ಮತ್ತೆ ಒತ್ತಿದೆ.

ಅಂದಿನಿಂದ ಖಾಜಾ ನಿರುದ್ಯೋಗಿ. ಟ್ರಾಮಿನ ನೆಲ ರಸ್ತೆಗೆ ಸಮ, ಅಂಗಡಿಯ ಬಾಗಿಲು ತಾನೇ ತೆರೆಯುತ್ತದೆ, ಮೂರನೆಯ ಮಹಡಿಯ ಪದ್ದಿಯ ಮನೆಗೆ ಲಿಫ್ಟ್ ಇದೆ. ನಾನು ಮುಂದೆ ಹೋಗುತ್ತಿದ್ದೆ, ಅವನು ಕೈ ಏನು ಮಾಡಬೇಕೆಂದು ತಿಳಿಯದೆ ಹಿಂದೆ ಬರುತ್ತಿದ್ದ. ಒಮ್ಮೊಮ್ಮೆ ಕುರ್ಚಿಯ ಹಿಂಭಾಗಕ್ಕೆ ಎರಡು ಬೆರಳು ತಾಗಿಸಿ ನಡೆಯುತ್ತಿದ್ದ. ಅದು ಗೊತ್ತಾದರೂ ನಾನು ಗೊತ್ತಾಗದಂತಿದ್ದೆ.

ಪಾಪ, ಅವನು ಬೇರೆ ಕೆಲಸ ಹುಡುಕಿಕೊಂಡ. ಟ್ರಾಮಿನಲ್ಲಿ ಎದುರು ಕೂತ ಗಂಡಸಿನ ಜೀನ್ಸ್ ಪ್ಯಾಂಟಿನ ಅಂಚನ್ನು ಬಗ್ಗಿ ನೋಡಿ, "ಡಬಲ್ ಹೊಲಿಗಿ. ನಮ್ಮ ಬಳ್ಳಾರಿ ಮಾಲಿದ್ದಂಗೈತಲೇ" ಎಂದ. ಆ ಮನುಷ್ಯ ಎದ್ದು ಬೇರೆ ಸೀಟಿಗೆ ಹೋದ. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಗ್ರೂಸ್ ಗಾಟ್" ಎನ್ನುತ್ತಿದ್ದರು. ಅದರಲ್ಲಿ ದೇವರ ಹೆಸರಿದೆ ಎಂದು ಪದ್ದಿ ಹೇಳಿದ್ದೇ ತಡ ಖಾಜಾನಿಗೆ ಖುಷಿಯಾಗಿ, "ಛಲೋ ಮಂದಿ" ಎಂದು ಎಲ್ಲರಿಗೂ "ವಾಲೇಕುಂ ಸಲಾಂ" ಹೇಳತೊಡಗಿದ. ಎದುರು ಮನೆಯ ಅಜ್ಜಿ ಮೂರನೆಯ ಸಲಕ್ಕೆ ತನ್ನ ನಾಯಿಯ ಹಗ್ಗ ಹಿಡಿದು ತಾನೇ ಮೊದಲು "ಸಲಾಂ" ಎಂದಳು. ಆದರೆ ಸಲಾಮಿನ ಆಚೆಗೆ ಯಾರೂ ದಾಟಲಿಲ್ಲ. "ಊಟಾತೇನ್ರಿ ಅಂತ ಒಬ್ರೂ ಕೇಳವಲ್ರು. ಎಂಥಾ ಫಸ್ಟ್ ನಂಬರೋ" ಎಂದು ಖಾಜಾ ಗೊಣಗಿದ.

ಪದ್ದಿ ರೊಟ್ಟಿ ಮುರಿಯುತ್ತ, "ಇದೇ ಊರು ಇನ್ನೊಂದು ಲಿಸ್ಟಿನ್ಯಾಗ ಹೊರಗಿನವರ ಕೂಡ ಬೆರೀದ ಊರು ಅಂತ ಬಂದಿತ್ತು ಖಾಜಾ ಮಾಮಾ. ಎರಡೂ ಖರೇನ" ಎಂದಳು.

"ನಿನಗ ಹೆಂಗನಸ್ತೈತಿ?" ಎಂದೆ.

"ಮೊದಲನೇ ವರ್ಷ ದಿನಾ ಅಳ್ತಿದ್ದೆ ಮಾಮಾ. ಯಾಕ ಅಳ್ತಿ ಅಂತ ಯಾರೂ ಕೇಳಲಿಲ್ಲ. ಆದ್ರ ಬಸ್ಸು ಟೈಮಿಗೆ ಬರ್ತಿತ್ತು. ಅಳ್ತಾ ಹತ್ತಿದ್ರೂ ಟೈಮಿಗೆ ಮುಟ್ಟಿಸ್ತಿತ್ತು. ಸಿರುಗುಪ್ಪದಾಗಿದ್ರ ನಾಕು ಮಂದಿ ಕೇಳ್ತಿದ್ರು, ಬಸ್ಸು ಮಾತ್ರ ಬರ್ತಿದ್ದಿಲ್ಲ."

ಯಾವುದು ವಾಸಿ ಎಂದು ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಶೇಂಗಾ ಚಟ್ನಿ ಮಾತ್ರ ಆ ರಾತ್ರಿಯೇ ಮುಗಿಯಿತು.

ಆರನೆಯ ದಿನ, ಕಾಲುವೆಯ ದಂಡೆ

ಪದ್ದಿಯ ಬೀದಿಯ ಕೊನೆಯಲ್ಲಿ ಟರ್ಕಿಯವನೊಬ್ಬನ ಹೊಲಿಗೆ ಅಂಗಡಿ ಇತ್ತು. ಬಟ್ಟೆ ಸಣ್ಣ ಮಾಡುವುದು, ಉದ್ದ ಬಿಡುವುದು, ಇಂಥ ಕೆಲಸ. ಗಾಜಿನಾಚೆ ಕತ್ತರಿ ಕಂಡದ್ದೇ ಖಾಜಾ ನಿಂತ. ಬಾಗಿಲಿಗೆ ಎರಡು ಮೆಟ್ಟಿಲಿದ್ದವು. ಮೊದಲನೇ ನಂಬರಿನ ಊರಿನಲ್ಲೂ ಇರುತ್ತವೆ, ನೆನಪಿರಲಿ. "ನೀ ಹೋಗು, ನಾ ಇಲ್ಲೇ ಇರ್ತೀನಿ" ಎಂದೆ. ಒಳಗೆ ಇಬ್ಬರೂ ಮಾತೇ ಇಲ್ಲದೆ ಕೈಸನ್ನೆಯಲ್ಲಿ ಗುಂಡಿಯ ಕಾಜಾ ಹೊಲಿಯುವ ವಾದಕ್ಕೆ ಇಳಿದರು. ಈ ಊರಿಗೆ ಬಂದ ಮೇಲೆ ಮೊದಲ ಸಲ ಖಾಜಾನ ಮುಖ ಅರಳಿತ್ತು.

ನಾನು ರಸ್ತೆ ನೋಡಿದೆ. ದೀಪ ಹಸಿರಾಯಿತು. ಹೋದೆ.

ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಅದೇ ಅದರ ರುಚಿ. ಎಡಕ್ಕೆ ಹೋಗಬೇಕೆನಿಸಿತು, ಎಡಕ್ಕೆ ಹೋದೆ. ಬೇಡವೆನಿಸಿ ತಿರುಗಿದೆ. ಕಾಲುವೆಯ ದಂಡೆಗೆ ಇಳಿಜಾರು ಹಾದಿ ಇತ್ತು, ಇಳಿದೆ. ಬಾತುಕೋಳಿಗಳಿದ್ದವು, ಸುಮ್ಮನೆ ಕೂತ ಮುದುಕರಿದ್ದರು. ಒಂದು ಮರದ ಕೆಳಗೆ ನಿಲ್ಲಬೇಕೆನಿಸಿ ನಿಂತೆ. ಅರವತ್ತೆರಡು ವರ್ಷಗಳಲ್ಲಿ ಒಂದು ಮರದ ಕೆಳಗೆ ನಿಲ್ಲಬೇಕೆನಿಸಿದರೆ ನಾನು ಅದನ್ನು ಇನ್ನೊಬ್ಬರಿಗೆ ಹೇಳಬೇಕಿತ್ತು. ಹೇಳಿದರೆ "ಯಾಕ?" ಎನ್ನುತ್ತಾರೆ. ಯಾಕೆಂದು ನನಗೇ ತಿಳಿಯದಾಗ ಏನು ಹೇಳಲಿ? ಹೀಗಾಗಿ ಎಷ್ಟೋ ಮರಗಳನ್ನು ದಾಟಿ ಹೋಗಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಅವಸರ ಬಂತು. ಪದ್ದಿ ನನಗೊಂದು ಕೀಲಿಕೈ ಕೊಟ್ಟಿದ್ದಳು, ನನ್ನಂಥವರಿಗೆಂದೇ ಇರುವ ಶೌಚಾಲಯಗಳಿಗೆ. ಹಾದಿಯ ಪಕ್ಕದಲ್ಲೇ ಒಂದಿತ್ತು. ಬಾಗಿಲು ಅಗಲ, ಒಳಗೆ ಕುರ್ಚಿ ತಿರುಗುವಷ್ಟು ಜಾಗ, ಗೋಡೆಗೆ ಹಿಡಿದುಕೊಳ್ಳಲು ಕಂಬಿ. ನಾನೊಬ್ಬನೇ ಹೋಗಿ, ನನ್ನ ಕೆಲಸ ನಾನೊಬ್ಬನೇ ಮುಗಿಸಿ, ಕೈ ತೊಳೆದುಕೊಂಡೆ. ಆಮೇಲೆ ಅಲ್ಲೇ ಕೂತು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ದನಿ ತೆಗೆದು ಅತ್ತೆ.

ಯಾರಿಗೂ ಹೇಳದ ಮಾತು ಇದು. ಸಾಲೆಗೆ ಹೋಗುವಾಗ ಬೆಳಗಿನಿಂದ ಸಂಜೆಯವರೆಗೆ ನಾನು ನೀರು ಕುಡಿಯುತ್ತಿರಲಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ, ಆಫೀಸಿನಲ್ಲಿದ್ದ ಮೂವತ್ತು ಚಿಲ್ಲರೆ ವರ್ಷವೂ ಮಧ್ಯಾಹ್ನದ ಊಟಕ್ಕೆ ಮಜ್ಜಿಗೆ ಮುಟ್ಟಲಿಲ್ಲ. ಕುಡಿದರೆ ಖಾಜಾನನ್ನು ಕರೆಯಬೇಕಿತ್ತು. ಕರೆದರೆ ಅವನು ಮಷೀನು ನಿಲ್ಲಿಸಿ ಬರುತ್ತಿದ್ದ. ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಅದೇ ಕಷ್ಟ. ಸಿಂಡರಿಸಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಪಟ್ಟಿ ಮಾಡುವವರಿಗೆ ಅಲ್ಲಿ ಕೂತೇ ಮನಸ್ಸಿನಲ್ಲಿ ಕೈಮುಗಿದೆ. ಅವರು ಹಾಲು ತರದಿದ್ದರೇನು, ಇಂಥದೊಂದು ಬಾಗಿಲನ್ನು ಲೆಕ್ಕಕ್ಕೆ ಹಿಡಿದಿದ್ದರೆ ಅವರ ಪಟ್ಟಿ ಸುಳ್ಳಲ್ಲ.

ಅದೇ ದಿನ, ಪದ್ದಿಯ ಮನೆಯ ಮುಂದೆ

ಮರಳುವಷ್ಟರಲ್ಲಿ ಹೊರಟು ಮೂರು ತಾಸು ಕಳೆದಿತ್ತು. ಫುಟ್‌ಪಾತಿನಲ್ಲಿ ಖಾಜಾ ನಿಂತಿದ್ದ. ಅಂಗಿ ಬೆವರಿ ತೊಯ್ದಿತ್ತು. ಪಕ್ಕದಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಆ ಟರ್ಕಿಯವ, ಡ್ಯೂಟಿ ಬಿಟ್ಟು ಓಡಿಬಂದ ಪದ್ದಿ. ಖಾಜಾ ನನ್ನ ಹೆಸರು ಕೂಗುತ್ತ ಆ ಮೌನದ ಬೀದಿಗಳಲ್ಲೆಲ್ಲ ತಿರುಗಿದ್ದನಂತೆ. ಜನ ಕಿಟಕಿ ತೆರೆದು ನೋಡಿದರಂತೆ.

"ನಾ ಸತ್ತೀನೇನಲೇ?" ಎಂದ. "ಒಂದ್ ಮಾತು ಹೇಳಿ ಹೋಗಾಕ ಏನಾಗಿತ್ತು ನಿನಗ?"

"ಹೇಳಿದ್ರ ನೀ ಬರ್ತಿದ್ದಿ."

"ಬಂದ್ರೇನು?"

ನಾನು ಸುಮ್ಮನಿರಬೇಕಿತ್ತು. ಬಾಯಿ ಜಾರಿತು. "ಒಬ್ಬನ ಹೋಗಬೇಕಿತ್ತು ಖಾಜಾ. ಒಂದ್ ಸಲ."

ಖಾಜಾ ನನ್ನನ್ನೇ ನೋಡಿದ. ದನಿ ಇಳಿಯಿತು. "ಅಂದ್ರ ಇಷ್ಟು ವರ್ಷ ನಾ ಹೊತ್ತಿದ್ದು ನಿನಗ ಭಾರ ಆಗಿತ್ತೇನು?"

ಸುಳ್ಳು ಹೇಳಬಹುದಿತ್ತು. ಆದರೆ ಕಾಲುವೆಯ ದಂಡೆಯಿಂದ ಆಗತಾನೆ ಬಂದವನ ಬಾಯಲ್ಲಿ ಸುಳ್ಳು ಬರಲಿಲ್ಲ. "ಒಮ್ಮೊಮ್ಮೆ" ಎಂದೆ. ನೀರು ಕುಡಿಯದ್ದನ್ನೂ ಹೇಳಿಬಿಟ್ಟೆ. ಮಜ್ಜಿಗೆಯದನ್ನೂ.

ಅವನು ಟರ್ಕಿಯವನ ಕೈಹಿಡಿದು ಕುಲುಕಿ ಬೀಳ್ಕೊಟ್ಟು, ಲಿಫ್ಟಿನಲ್ಲಿ ನನ್ನ ಜೊತೆ ಬಾರದೆ ಮೆಟ್ಟಿಲು ಹತ್ತಿ ಹೋದ. ಉಳಿದ ನಾಲ್ಕು ದಿನ "ಹೂಂ", "ಹೂಂಹೂಂ" ಬಿಟ್ಟು ನನ್ನೊಡನೆ ಮಾತಾಡಲಿಲ್ಲ. ಕುರ್ಚಿಯ ಹಿಂದೆ ಆ ಎರಡು ಬೆರಳೂ ಇರಲಿಲ್ಲ. ಬೇಕೆಂದು ಬಯಸಿದ್ದು ಸಿಕ್ಕಿತ್ತು, ನಾನು ಮಾತ್ರ ತಿರುತಿರುಗಿ ಹಿಂದೆ ನೋಡುತ್ತಿದ್ದೆ.

ಹೊರಡುವ ದಿನ

ಹೊರಡುವ ಮುಂಜಾನೆ ಲಿಫ್ಟ್ ಕೆಟ್ಟಿತು. ಅಂದು ಭಾನುವಾರ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು, ಬಹಳ ಮರ್ಯಾದೆಯ ಭಾಷೆಯಲ್ಲಿತ್ತಂತೆ. ಊರಿಗೆ ಒಯ್ಯಲೆಂದು ಕರೆಂಟಿನ ಕುರ್ಚಿ ಹಿಂದಿನ ಸಂಜೆಯೇ ಪ್ಯಾಕಾಗಿ ಕೆಳಗಿತ್ತು. ನಾನು ಮೂರನೆಯ ಮಹಡಿಯಲ್ಲಿ, ವಿಮಾನ ಮಧ್ಯಾಹ್ನಕ್ಕೆ.

ಪದ್ದಿ ಯಾವುದೋ ನಂಬರಿಗೆ ಫೋನು ಮಾಡಿ, "ಬರ್ತಾರಂತ, ತಡೀರಿ" ಎಂದಳು. ಎದುರು ಮನೆಯ ಅಜ್ಜಿ ಬಾಗಿಲು ತೆರೆದು, ಹೀಗೆ ಆಗಬಾರದಿತ್ತೆಂದು ತನ್ನೂರಿಗೇ ಬೈದು, ಒಳಗೆ ಹೋದಳು. ಖಾಜಾ ಗಡಿಯಾರ ನೋಡಿದ. ಮತ್ತೆ ನೋಡಿದ. ಆಮೇಲೆ ಬಂದು ನನ್ನ ಮುಂದೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ.

"ಹತ್ತು."

"ಬರ್ತಾರಂತ ಖಾಜಾ..."

"ಇಮಾನ ನಿಮ್ಮಪ್ಪಂದೇನು, ಕಾಯಾಕ? ಹತ್ತಲೇ."

ನಾಲ್ಕು ದಿನಗಳ ನಂತರ "ಲೇ" ಎಂದಿದ್ದ. ಅದೊಂದಕ್ಕೇ ಕರಗಿ ಅವನ ಕೊರಳಿಗೆ ಕೈಹಾಕಿದೆ. ಎದ್ದು ನಿಂತ. ಒಂದು ಮಹಡಿ ಇಳಿದ. ಎರಡನೆಯದರ ಅರ್ಧಕ್ಕೆ ಅವನ ಕಾಲು ನಡುಗುವುದು ನನ್ನ ಎದೆಗೆ ತಿಳಿಯಿತು. ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಗೋಡೆ ಹಿಡಿದ, ಮೆಲ್ಲಗೆ ಕೂತ, ನನ್ನನ್ನು ಮೆಟ್ಟಿಲ ಮೇಲಿಳಿಸಿ ಸೊಂಟ ಹಿಡಿದುಕೊಂಡ. ಮುಖ ಸುಣ್ಣವಾಗಿತ್ತು.

"ಏನಾತೋ?"

"ಏನಿಲ್ಲ."

"ಖಾಜಾ, ಹೇಳು."

ಸೊಂಟ ಒತ್ತಿಕೊಳ್ಳುತ್ತಲೇ ಹೇಳಿದ. "ಎಲುಬಿನ ಡಾಕ್ಟರ ಹೋದ ವರ್ಷನ ಅಂದಾನ. ಭಾರ ಎತ್ತಬ್ಯಾಡ, ಎತ್ತಿದ್ರ ಹಾಸಿಗಿ ಹಿಡೀತಿ ಅಂತ."

ಮಹಬೂಬ್ಬಿ ಗಂಟು ಕೊಡುವಾಗ ಹೇಳಿದ್ದು ಆಗ ಅರ್ಥವಾಯಿತು. "ನನಗ್ಯಾಕ ಹೇಳಲಿಲ್ಲ?" ಎಂದೆ. ಸಿಟ್ಟೇ ಬಂದಿತ್ತು.

"ಹೇಳಿದ್ರ ನೀ ಅಂಗಡಿಗೆ ಬರೂದು ಬಿಡ್ತಿದ್ದಿ" ಎಂದ. "ನೀ ಬರದಿದ್ರ ದಿನಾ ಹೆಂಗ ಕಳೀಲಿ?"

 ಬಳ್ಳಾರಿಗೆ ನಾನು ಕೊಟ್ಟ ಅಂಕಗಳೆಲ್ಲ ಈ ಒಬ್ಬನ ಸೊಂಟದ ಮೇಲೆ ನಿಂತಿದ್ದವು. ಊರನ್ನು ಹೊಗಳಿದ್ದೇ ಹೊಗಳಿದ್ದು, ಆ ಸೊಂಟ ಹೇಗಿದೆ ಎಂದು ಒಂದು ದಿನ ಕೇಳಲಿಲ್ಲ. ನಾನು ನೀರು ಬಿಟ್ಟು ಬಚ್ಚಿಟ್ಟುಕೊಂಡೆ, ಅವನು ನೋವು ನುಂಗಿ ಬಚ್ಚಿಟ್ಟುಕೊಂಡ. ಎಂಥಾ ಜೋಡಿ!

ಇಬ್ಬರೂ ಮೆಟ್ಟಿಲ ಮೇಲೆ ಮೂಗು ಒರೆಸಿಕೊಳ್ಳುತ್ತಿರುವಾಗ ಕೆಳಗಿನಿಂದ ಬೂಟುಗಾಲು ಕೇಳಿಸಿತು. ಪದ್ದಿ ಕರೆದವರು ಬಂದಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು, ಕೈಯಲ್ಲಿ ಮೆಟ್ಟಿಲು ಇಳಿಸುವ ಬೆಲ್ಟಿನ ಕುರ್ಚಿ. ಆ ಹೆಂಗಸು ನನ್ನ ಮುಂದೆ ಮಂಡಿಯೂರಿ, ನನ್ನ ಕಣ್ಣು ನೋಡಿ ಏನೋ ಕೇಳಿದಳು. ಕೈ ಮುಂದೆ ಚಾಚಿದ್ದಳು, ಆದರೆ ತಾಗಿಸಿರಲಿಲ್ಲ.

"ಏನಂತ?" ಎಂದ ಖಾಜಾ.

ಮೇಲಿನ ಮೆಟ್ಟಿಲಿನಿಂದ ಪದ್ದಿ, "ನಿಮ್ಮನ್ನ ಮುಟ್ಟಲೇನು ಅಂತ ಕೇಳಾಕತ್ಯಾಳ ಮಾಮಾ" ಎಂದಳು.

ಸಾವಿರ ಕೈಗಳು ನನ್ನನ್ನು ಎತ್ತಿವೆ. ಪ್ರೀತಿಯಿಂದಲೇ ಎತ್ತಿವೆ. ಈ ಮಾತನ್ನು ಒಬ್ಬರೂ ಕೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಖಾಜಾ ಸೊಂಟ ಹಿಡಿದುಕೊಂಡೇ ಆ ಹೆಂಗಸನ್ನು, ಆಕೆಯ ಚಾಚಿದ ಕೈಯನ್ನು ನೋಡುತ್ತಿದ್ದ. ಹತ್ತು ನಿಮಿಷದಲ್ಲಿ ನಾವು ಕೆಳಗಿದ್ದೆವು. ವಿಮಾನವೂ ಸಿಕ್ಕಿತು.

ಮತ್ತೆ ಬ್ರೂಸ್‌ಪೇಟೆ

ಕರೆಂಟಿನ ಕುರ್ಚಿ ನಮ್ಮೊಂದಿಗೆ ಬಳ್ಳಾರಿಗೆ ಬಂತು. ಗಾಂಧಿನಗರದ ಮನೆಯ ಮುಂದೆ ಸಣ್ಣ ಗೂಡ್ಸ್ ಗಾಡಿಯಿಂದ ಅದನ್ನಿಳಿಸುವಾಗ ತಮ್ಮ ರೂಢಿಯಂತೆ, "ಒಂದ್ ಕೈ ಹಚ್ಚ್ರಿ!" ಎಂದ. ಆರು ಜನ ಬಂದರು, ಹಿಡಿದರು, ಕುರ್ಚಿ ಅಲುಗಲಿಲ್ಲ. ಬ್ಯಾಟರಿಯ ಭಾರ ಅಂಥದ್ದು. "ಏನ್ರೀ ಇದು, ಆನಿ ಮರಿನಾ?" ಎಂದು ಒಬ್ಬ ಕೈ ಝಾಡಿಸಿದ. ಕೊನೆಗೆ ಹಲಗೆ ಹಾಕಿ ಉರುಳಿಸಿದರು. ಇನ್ನು ಮುಂದೆ ನನ್ನನ್ನು ಊರಿನವರು ಎತ್ತುವಂತಿಲ್ಲ. ಖಾಜಾನ ಅಂಗಡಿ ಚರಂಡಿಯ ಮೇಲೆ, ಮೂರು ಮೆಟ್ಟಿಲೆತ್ತರದಲ್ಲಿದೆ. ಹಳೆಯ ಕುರ್ಚಿಯಲ್ಲಿ ಹೋಗಿ ಅವನ ಕೈಯಲ್ಲಿ ಎತ್ತಿಸಿಕೊಳ್ಳುವ ಮಾತಂತೂ ಮುಗಿದಿತ್ತು.

ಹದಿನೈದು ದಿನ ಅಂಗಡಿಗೆ ಹೋಗಲಿಲ್ಲ. ಅವನೇ ಸಂಜೆ ಬಂದು ಅರ್ಧ ತಾಸು ಕೂತು ಹೋಗುತ್ತಿದ್ದ. ಮಾತಿತ್ತು, ಆದರೆ ಅವನ ಮಷೀನಿನ ಸದ್ದಿಲ್ಲದೆ ನನಗೆ ಮಾತು ಸಪ್ಪೆ. ಇದೇ ಕೊನೆಯವರೆಗೆ ಎಂದುಕೊಂಡೆ. ಬಲು ಸಂಕಟವಾಗುತ್ತಿತ್ತು.

ಒಂದು ದಿನ ಫೋನು ಮಾಡಿ, "ನಾಳಿ ಹತ್ತಕ್ಕ ಬಾ" ಎಂದ.

"ಹೆಂಗ ಬರ್ಲಿ?"

"ಬಾ ಅಂದ್ನೆಲ್ಲ."

ಗಾಂಧಿನಗರದಿಂದ ಬ್ರೂಸ್‌ಪೇಟೆಗೆ ಒಬ್ಬನೇ ಹೊರಟೆ. ಕಾಲುವೆಯ ದಂಡೆಯಲ್ಲ ಅದು. ಧೂಳು, ರಸ್ತೆಯುಬ್ಬು, ಎದುರಿಗೆ ಬರುವ ಆಟೋ, ನಡುರಸ್ತೆಯಲ್ಲಿ ಮಲಗಿದ ಎಮ್ಮೆ. ಮೂವರು ಕೇಳದೆಯೇ ತಳ್ಳಲು ಬಂದು, ಭಾರಕ್ಕೆ ಸೋತು, ಪಕ್ಕದಲ್ಲೇ ನಡೆದು ದಾರಿ ಬಿಡಿಸಿದರು. ಹೂ ಮಾರುವಾಕೆ, "ಕರೆಂಟಿಂದೇನ್ರೀ ಅಣ್ಣಾ? ಕರೆಂಟ್ ಹೋದ್ರ?" ಎಂದು ಚಿಂತೆ ಮಾಡಿದಳು. ಎರಡು ಕಡೆ "ಊಟಾತೇನ್ರಿ" ಕೇಳಿಸಿತು. ಬೆಳಗಿನ ಹತ್ತಕ್ಕೆ ಎಂಥ ಊಟ? ಆದರೂ "ಆತ್ರಿ" ಎಂದೆ, ಖುಷಿಯಿಂದ.

ಅಂಗಡಿಯ ಮುಂದೆ ಮೆಟ್ಟಿಲುಗಳಿರಲಿಲ್ಲ. ಗೋಡೆಯ ಉದ್ದಕ್ಕೂ ಕುರುಗೋಡಿನ ಒರಟು ಕಲ್ಲಿನ ಇಳಿಜಾರು ಇತ್ತು. ಓಣಿ ಇಕ್ಕಟ್ಟಾದ್ದರಿಂದ ಬಟ್ಟೆ ತೂಗುಹಾಕುವ ಜಾಗವನ್ನೂ ಬಿಟ್ಟುಕೊಟ್ಟು ಉದ್ದ ಮಾಡಿಸಿದ್ದ. ಖಾಜಾ ಪಕ್ಕದಲ್ಲಿ ನಿಂತಿದ್ದ, ಸೊಂಟಕ್ಕೆ ಅಗಲ ಬೆಲ್ಟು ಬಿಗಿದುಕೊಂಡು.

ಹಿಡಿಕೆ ಒತ್ತಿದೆ. ಕುರ್ಚಿ ಹತ್ತಿತು, ಅರ್ಧಕ್ಕೆ ಬಂದು ಗುರ್ರ್ ಎಂದು ನಿಂತಿತು. ಒಂದು ಗೇಣು ಹಿಂದಕ್ಕೆ ಸರಿಯಿತು. ಓಣಿಯವರೆಲ್ಲ "ಏ, ಹಿಡೀರಿ ಹಿಡೀರಿ" ಎಂದು ಓಡಿಬಂದರು.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಖಾಜಾ ಗುಡುಗಿದ. ಎಲ್ಲರೂ ಕೈ ಗಾಳಿಯಲ್ಲೇ ಬಿಟ್ಟು ನಿಂತರು. ಅವನು ನನ್ನ ಮುಂದೆ ಬಂದ. ನಾಚಿಕೆಯಿಂದಲೋ ಏನೋ, ದನಿ ತಗ್ಗಿಸಿ ಕೇಳಿದ: "ಸೀನ್ಯಾ, ಕೈ ಹಚ್ಲೇನು?"

ಐವತ್ತು ವರ್ಷಕ್ಕೂ ಮೇಲಾಗಿ ಮೊದಲ ಸಲ ಕೇಳಿದ್ದ.

"ಬ್ಯಾಡ" ಎಂದೆ.

ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. ನನಗಿಂತ ಹೆಚ್ಚು ಬೆವರುತ್ತಿದ್ದವನು ಅವನೇ. ನಾನು ಸ್ವಲ್ಪ ಕೆಳಗಿಳಿದು, ಓರೆ ಮಾಡಿ, ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆ. ಕುರ್ಚಿ ಮುಲುಗಿತು, ಹತ್ತಿತು, ಹೊಸ್ತಿಲು ದಾಟಿ ಮಷೀನಿನ ಪಕ್ಕ ಹೋಗಿ ನಿಂತಿತು. ಹೊರಗೆ ಓಣಿಗೆ ಓಣಿಯೇ ಖುಷಿಯಿಂದ ಕೂಗಿತು.

ನಾನು ಕುರ್ಚಿ ತಿರುಗಿಸಿ ಹೊರಗೆ ನೋಡಿದೆ. ಖಾಜಾ ಇನ್ನೂ ಕೆಳಗೇ ನಿಂತಿದ್ದ, ಕಟ್ಟಿದ ಕೈ ಬಿಚ್ಚದೆ.

"ಬಾ ಖಾಜಾ, ಒಳಗ ಬಾ" ಎಂದೆ.

ಅವನು ಸೊಂಟ ಹಿಡಿದುಕೊಂಡು, ಅದೇ ಕಲ್ಲಿನ ಮೇಲೆ ನಿಧಾನಕ್ಕೆ ಹತ್ತಿ ಬಂದ.